ಅಪ್ಪೆಮಿಡಿ ಮಾರುವವಳು ನೋಡಿದ ಹಾಗೆ ಗೂಗಲ್‌ನ ಕೀವರ್ಡ್ ಸಾಧನಗಳು

ಕೀವರ್ಡ್ ಎಂದರೆ ಜನ ಗೂಗಲ್‌ನಲ್ಲಿ ಬರೆದು ಹುಡುಕುವ ಪದ, ಅಂಥ ಪದಗಳನ್ನು ಪತ್ತೆ ಮಾಡಲು ಗೂಗಲ್‌ನದೇ ಮೂರು ಸಾಧನಗಳನ್ನು ನೋಡಿದೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಸಣ್ಣದೊಂದು ವೆಬ್‌ಸೈಟ್ ಇಟ್ಟುಕೊಂಡು ಮನೆಯಲ್ಲಿ ಮಾಡಿದ್ದನ್ನು ಮಾರುವವರಿಗೆ ಗೂಗಲ್ ಸರ್ಚ್ ಕನ್ಸೋಲ್ ಒಂದಿದ್ದರೆ ಮುಕ್ಕಾಲು ಕೆಲಸ ಆಯಿತು. ಗೂಗಲ್ ಟ್ರೆಂಡ್ಸನ್ನು ಸೀಸನ್ನಿಗೆ ಮುಂಚೆ ಒಮ್ಮೆ ತೆರೆದರೆ ಸಾಕು. ಕೀವರ್ಡ್ ಪ್ಲಾನರ್ ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಜಾಹೀರಾತು ಕೊಡದವರಿಗೆ ಅದು ಹೇಳುವುದು ಅರ್ಧ ಮಾತು. ಮೂರೂ ಪುಕ್ಕಟೆ.

ನಮ್ಮದು ಸಾಗರ ತಾಲೂಕಿನ ಹಳ್ಳಿ. ಅತ್ತೆಯ ಕೈಯ ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಹಣ್ಣಿನ ರಸ, ಜೋನಿಬೆಲ್ಲ, ಇಷ್ಟೇ ನಮ್ಮ ಅಂಗಡಿ. ಮೈದುನನ ಮಗ ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಕಟ್ಟಿಕೊಟ್ಟು ಬೆಂಗಳೂರಿಗೆ ಹೋದ. ಸೈಟ್ ಶುರುವಾದ ಮೇಲೆ ಆರ್ಡರ್‌ಗಿಂತ ಮೊದಲು ಬರಲು ಶುರುವಾದದ್ದು ಎಸ್‌ಇಒ, ಅಂದರೆ ಗೂಗಲ್ ಫಲಿತಾಂಶದಲ್ಲಿ ಸೈಟನ್ನು ಮೇಲೆ ತರುವ ಕೆಲಸ, ಮಾಡಿಕೊಡುತ್ತೇವೆ ಎನ್ನುವವರ ಮೇಲ್‌ಗಳು. ಅದರಲ್ಲೊಂದು ಕಂಪನಿ, ಹೆಸರು ಬೇಡ, ಸ್ಯಾಂಪಲ್ ಎಂದು ಕೀವರ್ಡ್‌ಗಳ ಒಂದು ಎಕ್ಸೆಲ್ ಪಟ್ಟಿ ಕಳಿಸಿತು. ಮೊದಲ ಸಾಲಿನಲ್ಲೇ 'ಮ್ಯಾಂಗೋ ಪಿಕಲ್'. ಎರಡನೆಯದು 'ಪಿಕಲ್ ಆನ್‌ಲೈನ್'. ಮೂರನೆಯದು 'ಬೆಸ್ಟ್ ಪಿಕಲ್ ಇನ್ ಇಂಡಿಯಾ'. ಕೆಳಗೆ ಎಲ್ಲೂ ಒಂದು ಕಡೆಯೂ ಅಪ್ಪೆಮಿಡಿ ಎಂಬ ಪದವಿಲ್ಲ! 'ಮ್ಯಾಂಗೋ ಪಿಕಲ್' ಎಂದು ನೀವೇ ಹುಡುಕಿ ನೋಡಿ: ಅಮೆಜಾನ್ ಇದೆ, ಬಿಗ್‌ಬಾಸ್ಕೆಟ್ ಇದೆ, ಟಿವಿಯಲ್ಲಿ ಜಾಹೀರಾತು ಕೊಡುವ ಕಂಪನಿಗಳಿವೆ, ಆಮೇಲೆ ರೆಸಿಪಿ ವೀಡಿಯೊಗಳ ಸಾಲು. ಅಲ್ಲಿ ಸಾಗರದ ಉಪ್ಪಿನಕಾಯಿ ಜಾಡಿಗೆ ಎಲ್ಲಿದೆ ಜಾಗ? ಆ ಕಂಪನಿಗೆ ನಮಸ್ಕಾರ ಹೇಳಿ, ಈ ಸಾಧನಗಳನ್ನು ನಾನೇ ತೆರೆದು ಕೂತೆ.

ಮೊದಲು ಕೀವರ್ಡ್ ಪ್ಲಾನರ್. ಇದು ಗೂಗಲ್ ಆಡ್ಸ್‌ನ ಹೊಟ್ಟೆಯೊಳಗಿರುವ ಸಾಧನ, ಹಾಗಾಗಿ ಆಡ್ಸ್ ಖಾತೆ ಬೇಕೇ ಬೇಕು. ಖಾತೆ ತೆರೆಯಲು ಹೋದರೆ ಜಾಹೀರಾತು ಯಾವುದು, ದಿನಕ್ಕೆ ಎಷ್ಟು ಖರ್ಚು ಮಾಡುತ್ತೀರಿ ಎಂದೇ ಮಾತು ಶುರು. ಜಾಹೀರಾತು ಹಾಕದೆ ಖಾತೆ ಮಾತ್ರ ತೆರೆಯುವ ದಾರಿಯೂ ಇದೆ, ಆದರೆ ಸಣ್ಣ ಅಕ್ಷರದಲ್ಲಿ, ಹುಡುಕಿ ಒತ್ತಬೇಕು. ಒಳಗೆ ಹೋದ ಮೇಲೆ ಎರಡು ಕೆಲಸ ಮಾಡಬಹುದು. ನಿಮಗೆ ಹೊಳೆದ ಹತ್ತು ಪದಗಳವರೆಗೆ ಒಟ್ಟಿಗೆ ಕೊಟ್ಟು ಅದಕ್ಕೆ ಹತ್ತಿರದ ಬೇರೆ ಪದಗಳನ್ನು ಕೇಳಬಹುದು. ಅಥವಾ ಒಂದು ವೆಬ್‌ಸೈಟಿನ ವಿಳಾಸ ಕೊಟ್ಟು, ಈ ಪುಟಕ್ಕೆ ಯಾವ ಪದಗಳು ಹೊಂದುತ್ತವೆ ಎಂದು ಕೇಳಬಹುದು. ಎರಡನೆಯದು ನನಗೆ ಹಿಡಿಸಿತು. ನಮ್ಮದೇ ಸೈಟ್ ಅಂತೇನಿಲ್ಲ, ಇನ್ನೊಬ್ಬರ ಸೈಟಿನ ವಿಳಾಸವನ್ನೂ ಕೊಡಬಹುದು. ನಿಮ್ಮ ಹಾಗೆಯೇ ಮಾರುವ, ನಿಮಗಿಂತ ಸ್ವಲ್ಪ ಮುಂದಿರುವ ಒಂದು ಅಂಗಡಿಯ ವಿಳಾಸ ಕೊಟ್ಟು ನೋಡಿ, ನಿಮ್ಮ ತಲೆಗೆ ಬಾರದ ನಾಲ್ಕು ಪದ ಸಿಗುತ್ತವೆ.

ತೊಂದರೆ ಇರುವುದು ಲೆಕ್ಕದಲ್ಲಿ. ಜಾಹೀರಾತಿಗೆ ದುಡ್ಡು ಹಾಕುತ್ತಿರುವವರಿಗೆ ತಿಂಗಳಿಗೆ ಇಷ್ಟು ಹುಡುಕಾಟ ಎಂಬ ಸಂಖ್ಯೆ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ. ನಮ್ಮಂಥವರಿಗೆ ಕಾಣುವುದು 10 ರಿಂದ 100, 100 ರಿಂದ 1,000, 1,000 ದಿಂದ 10,000 ಎಂಬ ಗುಂಪು. ಮದುವೆಗೆ ನೂರರಿಂದ ಸಾವಿರ ಜನ ಬರುತ್ತಾರೆ, ಅಡುಗೆ ಮಾಡಿ ಎಂದು ಭಟ್ಟರಿಗೆ ಹೇಳಿದ ಹಾಗೆ. ಎರಡು ಪದಗಳು ಒಂದೇ ಗುಂಪಿನಲ್ಲಿ ಕೂತಿದ್ದರೂ ಒಂದು ಇನ್ನೊಂದರ ಏಳೆಂಟು ಪಟ್ಟು ಇರಬಹುದು, ಗೊತ್ತಾಗುವುದೇ ಇಲ್ಲ. ಹತ್ತಿರದ ಕಾಗುಣಿತಗಳನ್ನೆಲ್ಲ ಅದು ಒಂದೇ ಸಾಲಿಗೆ ಸೇರಿಸುವುದೂ ಉಂಟು. ಕನ್ನಡದ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುವಾಗ ನಮಗೆ ಬೇಕಾದದ್ದು ಆ ವ್ಯತ್ಯಾಸವೇ.

ಅದರಲ್ಲೇ 'ಕಾಂಪಿಟಿಷನ್' ಎಂಬ ಕಾಲಂ ಇದೆ. ಹೆಚ್ಚು, ಮಧ್ಯಮ, ಕಡಿಮೆ ಎಂದು ತೋರಿಸುತ್ತದೆ. ಆ ಎಕ್ಸೆಲ್ ಕಂಪನಿಯವರು ಇದನ್ನೇ ತೋರಿಸಿ 'ಮೇಡಂ, ಇದು ಲೋ ಕಾಂಪಿಟಿಷನ್, ಬೇಗ ಮೇಲೆ ಬರುತ್ತೆ' ಎಂದಿದ್ದರು. ಅಲ್ಲ. ಆ ಕಾಲಂ ಹೇಳುವುದು ಆ ಪದಕ್ಕೆ ಜಾಹೀರಾತು ಹಾಕುವವರ ನಡುವಿನ ಪೈಪೋಟಿ. ಮಾಮೂಲಿ ಫಲಿತಾಂಶದಲ್ಲಿ ಮೇಲೆ ಬರುವುದು ಸುಲಭವೋ ಕಷ್ಟವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರಾದರೂ ಈ ಕಾಲಂ ಹಿಡಿದು ನಿಮಗೆ ಪಾಠ ಹೇಳಿದರೆ ಅಲ್ಲಿಗೇ ಫೋನ್ ಇಡಬಹುದು. ಅದರ ಪಕ್ಕದಲ್ಲೇ ಪುಟದ ಮೇಲ್ಭಾಗದ ಜಾಹೀರಾತಿಗೆ ಜನ ಕೊಡುವ ಬೆಲೆ, ಕಡಿಮೆ ಎಷ್ಟು, ಹೆಚ್ಚು ಎಷ್ಟು ಎಂದು ರೂಪಾಯಿಯಲ್ಲಿ ಬರುತ್ತದೆ. ಜಾಹೀರಾತು ಹಾಕದವರಿಗೂ ಉಪಯೋಗಕ್ಕೆ ಬರುವುದು ಇದೇ. ಒಂದು ಪದಕ್ಕೆ ಜನ ಕೈಯಿಂದ ದುಡ್ಡು ಕೊಡುತ್ತಿದ್ದಾರೆ ಎಂದರೆ ಆ ಪದ ಬರೆದು ಬರುವವರು ಕೊಳ್ಳುವವರು ಎಂದು ಅರ್ಥ. ರೆಸಿಪಿ ಹುಡುಕುವ ಪದಗಳಿಗೆ ಅಲ್ಲಿ ಬೆಲೆಯೇ ಇರುವುದಿಲ್ಲ, ಅಥವಾ ತೀರಾ ಕಡಿಮೆ.

ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ಸಂತೋಷ. ಆದರೆ ನಾನು ಎಲ್ಲ ಭಾಷೆಗಳು ಎಂದೇ ಇಡುತ್ತೇನೆ. ನಮ್ಮ ಗಿರಾಕಿಗಳಲ್ಲಿ ಬಹುಪಾಲು ಜನ ಫೋನನ್ನು ಇಂಗ್ಲಿಷ್‌ನಲ್ಲೇ ಇಟ್ಟುಕೊಂಡು, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರು. ಐದರಲ್ಲಿ ಎರಡು ನಕ್ಷತ್ರ ಇದಕ್ಕೆ.

ಗೂಗಲ್ ಟ್ರೆಂಡ್ಸ್ ಬೇರೆ ಜಾತಿಯದು. ಲಾಗಿನ್ ಬೇಡ, ಖಾತೆ ಬೇಡ. 2004 ರಿಂದ ಈಚಿನ ಹುಡುಕಾಟದ ಏರಿಳಿತ ತೋರಿಸುತ್ತದೆ. ಮೊದಲ ಸಲ ನೋಡುವವರು ಗೊಂದಲ ಮಾಡಿಕೊಳ್ಳುವುದು ಆ 100 ಎಂಬ ಸಂಖ್ಯೆಯಲ್ಲಿ. ಅದು ನೂರು ಹುಡುಕಾಟ ಅಲ್ಲ. ನೀವು ಆರಿಸಿದ ಅವಧಿಯಲ್ಲಿ, ಆ ಊರಲ್ಲಿ, ಆ ಪದ ಅತಿ ಹೆಚ್ಚು ಕಾವಿನಲ್ಲಿದ್ದ ಸಮಯಕ್ಕೆ 100 ಎಂದು ಇಟ್ಟು, ಉಳಿದದ್ದನ್ನೆಲ್ಲ ಅದರ ಜೊತೆ ಹೋಲಿಸುತ್ತದೆ. ಹಾಗಾಗಿ ಒಂದೇ ಪದ ಹಾಕಿ ನೋಡಿದರೆ ಯಾವಾಗ ಏರಿತು, ಯಾವಾಗ ಇಳಿಯಿತು ಎಂದು ತಿಳಿಯುತ್ತದೆ, ಅದು ದೊಡ್ಡ ಪದವೋ ಸಣ್ಣ ಪದವೋ ಎಂದು ತಿಳಿಯದು. ಐದು ಪದಗಳವರೆಗೆ ಪಕ್ಕಪಕ್ಕ ಇಡಬಹುದು, ಇಡಬೇಕು.

ನನಗೆ ಇದರಿಂದ ಲಾಭವಾದದ್ದು ಮುರುಗಲಿನ ವಿಷಯದಲ್ಲಿ. ನಮ್ಮ ಕಡೆ ಮುರುಗಲು, ಮಂಗಳೂರಿನ ಕಡೆ ಪುನರ್ಪುಳಿ, ಕೆಲವರಿಗೆ ಬಿರಿಂಡ, ಮಹಾರಾಷ್ಟ್ರ ಗೋವಾದವರಿಗೆ ಕೋಕಂ. ನಾಲ್ಕನ್ನೂ ಪಕ್ಕಪಕ್ಕ ಹಾಕಿ ಭಾರತ ಎಂದು ಆರಿಸಿದರೆ ಕೋಕಂ ಒಂದೇ ಮೇಲೆ, ಉಳಿದ ಮೂರು ನೆಲಕ್ಕೆ ಅಂಟಿದ ಗೆರೆ. ಹಾಗೆಂದು ಮುರುಗಲನ್ನು ಕೈಬಿಡಲಿಲ್ಲ. ಪುಟದ ಹೆಸರಿನಲ್ಲಿ ಕೋಕಂ ಮತ್ತು ಮುರುಗಲು ಎರಡೂ ಬಂತು, ಮೊದಲ ಪ್ಯಾರಾದಲ್ಲಿ 'ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಹಣ್ಣು ಇದೇ' ಎಂಬ ವಾಕ್ಯ ಬಂತು. ಓದುವವರಿಗೆ ಅದು ಮಾಹಿತಿ, ಗೂಗಲ್‌ಗೆ ಕೀವರ್ಡ್.

ಎರಡನೇ ಲಾಭ ಸಮಯದ್ದು. ಉಪ್ಪಿನಕಾಯಿ ಸಂಬಂಧದ ಹುಡುಕಾಟ ಬೇಸಿಗೆಯಲ್ಲಿ ಏರುತ್ತದೆ ಎಂದು ಯಾರೂ ಹೇಳಬೇಕಿಲ್ಲ. ಆದರೆ ದೇಶಕ್ಕೆಲ್ಲ ಮಾವಿನಕಾಯಿ ಉಪ್ಪಿನಕಾಯಿಯ ನೆನಪಾಗುವುದು ಏಪ್ರಿಲ್, ಮೇನಲ್ಲಿ. ನಮ್ಮ ಮಿಡಿ ಅಷ್ಟು ಹೊತ್ತಿಗೆ ಮರದಿಂದ ಇಳಿದು, ಉಪ್ಪು ನೀರಿನಲ್ಲಿ ಮುದುರಿ ಕೂತಿರುತ್ತದೆ. ಹೊಸ ಪುಟ ಬರೆದ ಮರುದಿನವೇ ಗೂಗಲ್ ಮೇಲೆ ತಂದು ಕೂರಿಸುವುದಿಲ್ಲ, ವಾರಗಳೇ ಹಿಡಿಯಬಹುದು. ಹಾಗಾಗಿ ಈ ವರ್ಷದ ಮಿಡಿ ಬುಕಿಂಗ್ ಪುಟ ಸಂಕ್ರಾಂತಿ ಆಸುಪಾಸಿಗೇ ಸಿದ್ಧ ಇರಬೇಕು ಎಂದು ತೀರ್ಮಾನವಾಯಿತು.

ಟ್ರೆಂಡ್ಸ್‌ನ ಕೊರತೆ ಏನೆಂದರೆ, ಸಣ್ಣ ಪದಗಳಿಗೆ ಅದು ಕುರುಡು. ಅಪ್ಪೆಮಿಡಿಯಲ್ಲೇ ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಮಿಡಿ ಎಂದು ಎಷ್ಟೊಂದು ತಳಿ. ಇಂಥವನ್ನು ಹಾಕಿದರೆ ತೋರಿಸಲು ಸಾಕಷ್ಟು ಮಾಹಿತಿ ಇಲ್ಲ ಎಂದು ಬಿಳಿ ಪುಟ ತೋರಿಸಿ ಸುಮ್ಮನಾಗುತ್ತದೆ. 'ಬ್ರೇಕ್‌ಔಟ್' ಎಂದು ತೋರಿಸುವ ಪದಗಳನ್ನು ಕಂಡು ಹಿಗ್ಗುವುದೂ ಬೇಡ. 5,000 ಪ್ರತಿಶತಕ್ಕಿಂತ ಹೆಚ್ಚು ಏರಿದೆ ಎಂದು ಅದರ ಅರ್ಥ, ಸೊನ್ನೆಯ ಹತ್ತಿರ ಇದ್ದದ್ದು ಸ್ವಲ್ಪ ಏರಿದರೂ ಅಷ್ಟಾಗುತ್ತದೆ. ಮೂರೂವರೆ ನಕ್ಷತ್ರ.

ಈಗ ಸರ್ಚ್ ಕನ್ಸೋಲ್. ಹಿಂದೆ ಇದರ ಹೆಸರು ವೆಬ್‌ಮಾಸ್ಟರ್ ಟೂಲ್ಸ್, 2015 ರಲ್ಲಿ ಬದಲಾಯಿತು. ಇದನ್ನು ಕೀವರ್ಡ್ ಹುಡುಕುವ ಸಾಧನ ಎಂದು ಬಹಳ ಜನ ಎಣಿಸುವುದೇ ಇಲ್ಲ, ಸೈಟಿನ ಆರೋಗ್ಯ ನೋಡುವ ಜಾಗ ಎಂದುಕೊಂಡಿರುತ್ತಾರೆ. ಒಳಗೆ ಬರಲು ಸೈಟ್ ನಿಮ್ಮದೇ ಎಂದು ಸಾಬೀತು ಮಾಡಬೇಕು. ಡೊಮೇನ್ ಕೊಂಡ ಕಡೆ ಲಾಗಿನ್ ಆಗಿ ಡಿಎನ್‌ಎಸ್ ಎಂಬಲ್ಲಿ ಗೂಗಲ್ ಕೊಟ್ಟ ಒಂದು ಸಾಲನ್ನು ಅಂಟಿಸುವುದು, ಇಲ್ಲವೇ ಒಂದು ಫೈಲನ್ನು ಸೈಟಿಗೆ ಏರಿಸುವುದು. ಇದೊಂದು ಮೆಟ್ಟಿಲು ಹತ್ತಲು ಯಾರದಾದರೂ ಸಹಾಯ ತೆಗೆದುಕೊಳ್ಳಿ, ಆಮೇಲೆ ಎಲ್ಲ ಸಲೀಸು. ತಡ ಮಾತ್ರ ಮಾಡಬೇಡಿ, ಏಕೆಂದರೆ ನಿಮ್ಮ ಪುಟಗಳ ಲೆಕ್ಕ ಕೂಡುತ್ತಾ ಬರಲು ಸಮಯ ಬೇಕು, ಹಿಂದಿನ 16 ತಿಂಗಳವರೆಗಿನದನ್ನು ಮಾತ್ರ ಅದು ಇಟ್ಟುಕೊಳ್ಳುತ್ತದೆ.

'ಪರ್ಫಾರ್ಮೆನ್ಸ್' ಎಂಬ ಪುಟ ತೆರೆದರೆ ನಾಲ್ಕು ಲೆಕ್ಕ ಕಾಣುತ್ತವೆ. ನಿಮ್ಮ ಪುಟ ಫಲಿತಾಂಶದಲ್ಲಿ ಎಷ್ಟು ಸಲ ಕಾಣಿಸಿತು, ಎಷ್ಟು ಜನ ಒತ್ತಿದರು, ಎರಡರ ಪ್ರಮಾಣ ಎಷ್ಟು, ಸರಾಸರಿ ಎಷ್ಟನೇ ಸ್ಥಾನ. ಕೆಳಗೆ ಜನ ಬರೆದು ಹುಡುಕಿದ ಪದಗಳ ಪಟ್ಟಿ. ಯಾರೋ ಅಂದಾಜು ಮಾಡಿದ್ದಲ್ಲ, ನಿಜವಾದ ಮನುಷ್ಯರು ನಿಜವಾಗಿ ಬರೆದದ್ದು, ಅವರ ಕಾಗುಣಿತದಲ್ಲೇ. ಅಪ್ಪೆಮಿಡಿ ಒಂದೇ ಪದವಾಗಿ, ಅಪ್ಪೆ ಬೇರೆ ಮಿಡಿ ಬೇರೆಯಾಗಿ, ಒಂದು ಪ ಬಿಟ್ಟು, ಕೊನೆಗೆ ಪಿಕಲ್ ಸೇರಿಸಿ, ಉಪ್ಪಿನಕಾಯಿ ಸೇರಿಸಿ, 'ಸಾಗರ' ಸೇರಿಸಿ, 'ನಿಯರ್ ಮಿ' ಸೇರಿಸಿ. ಕನ್ನಡ ಲಿಪಿಯಲ್ಲಿ ಬರೆದವರೂ ಇದ್ದಾರೆ, ನಾನು ಎಣಿಸಿದ್ದಕ್ಕಿಂತ ಹೆಚ್ಚು. ಫೋನಿಗೆ ಬಾಯಲ್ಲಿ ಹೇಳಿ ಹುಡುಕುವವರು ಇರಬೇಕು, ಇಲ್ಲವಾದರೆ 'ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತದೆ' ಎಂದು ಇಡೀ ವಾಕ್ಯ ಯಾರು ಒತ್ತುತ್ತಾರೆ?

ನೋಡುವ ಕ್ರಮ ಹೀಗೆ. ಪಟ್ಟಿಯನ್ನು ಕ್ಲಿಕ್ ಪ್ರಕಾರ ಅಲ್ಲ, ಕಾಣಿಸಿದ ಸಲದ ಪ್ರಕಾರ ಜೋಡಿಸಿಕೊಳ್ಳಿ. ಸರಾಸರಿ ಸ್ಥಾನ ಎಂಟರಿಂದ ಇಪ್ಪತ್ತರ ಒಳಗಿದ್ದು, ಬಹಳ ಸಲ ಕಾಣಿಸಿ, ಯಾರೂ ಒತ್ತದ ಪದಗಳನ್ನು ಹೆಕ್ಕಿ. ಗೂಗಲ್ ಈಗಾಗಲೇ ನಿಮ್ಮ ಪುಟಕ್ಕೂ ಈ ಪದಕ್ಕೂ ನೆಂಟಸ್ತನ ಇದೆ ಎಂದು ಒಪ್ಪಿದೆ, ಆದರೆ ನೀವು ಆ ಪದಕ್ಕೆ ಸರಿಯಾಗಿ ಉತ್ತರ ಕೊಟ್ಟಿಲ್ಲ ಎಂದು ಅದರ ಅರ್ಥ. ಹೊಸ ಪದ ಹುಡುಕಿಕೊಂಡು ಹೋಗುವುದಕ್ಕಿಂತ ಇವನ್ನು ಸರಿ ಮಾಡುವುದು ಎಷ್ಟೋ ಲೇಸು.

ನಮ್ಮ ಪಟ್ಟಿಯಲ್ಲಿ ಹಾಗೆ ಸಿಕ್ಕಿದ್ದು 'ಅಪ್ಪೆಮಿಡಿ ಗಿಡ'. ಜೊತೆಗೆ 'ಅಪ್ಪೆಮಿಡಿ ಕಸಿ ಗಿಡ', 'ಅಪ್ಪೆಮಿಡಿ ಸಸಿ ಬೆಲೆ'. ನಾವು ಗಿಡ ಮಾರುವುದಿಲ್ಲ. ಕೀವರ್ಡ್ ತಜ್ಞರು ಇಂಥ ಪದಗಳನ್ನು ಕಸ ಎಂದು ಪಕ್ಕಕ್ಕಿಡುತ್ತಾರೆ. ನಾನು ಒಂದು ಪುಟ ಬರೆದೆ: ಅಪ್ಪೆಮಿಡಿ ಮರದಲ್ಲಿ ಕಸಿ ಯಾಕೆ, ಬೀಜದ ಗಿಡ ತಾಯಿಯ ಹಾಗೇ ಬರುತ್ತದೆ ಎಂದು ನಂಬುವ ಹಾಗಿಲ್ಲ ಯಾಕೆ, ಸೊನೆಯ ಪರಿಮಳ ನೋಡಿ ತಳಿ ಗುರುತಿಸುವುದು ಹೇಗೆ ಎಂದು ಅತ್ತೆ ಹೇಳಿದ್ದನ್ನು ಬರೆದೆ. ಗಿಡ ಬೇಕಾದವರು ನರ್ಸರಿಗೆ ಹೋಗಲಿ. ಆದರೆ ಮನೆ ಹಿತ್ತಿಲಲ್ಲಿ ಅಪ್ಪೆ ಗಿಡ ನೆಡಬೇಕು ಎನ್ನುವವನಿಗೆ ಮಿಡಿ ಸಿಗಲು ಇನ್ನೂ ಕೆಲವು ವರ್ಷ ಇದೆಯಲ್ಲ, ಅಲ್ಲಿಯವರೆಗೆ ಉಪ್ಪಿನಕಾಯಿ ನಮ್ಮಲ್ಲೇ ಕೊಳ್ಳುತ್ತಾನೆ. ನಿಜವಾಗಿಯೂ ಕೊಂಡರು.

ಇನ್ನೊಂದು, 'ಟೆಂಡರ್ ಮ್ಯಾಂಗೋ ಪಿಕಲ್'. ಇದು ತೋರಿಕೆಗೆ ಬಂಗಾರದ ಪದ. ಹುಡುಕುವವರು ಬಹಳ, ಅರ್ಥವೂ ಸರಿ. ಆದರೆ ಈ ಪದ ಬರೆದು ಬರುವವರಲ್ಲಿ ಕೇರಳದ ಕಣ್ಣಿಮಾಂಗ, ತಮಿಳುನಾಡಿನ ಮಾವಡು ಹುಡುಕುವವರೂ ಸೇರಿರುತ್ತಾರೆ. ಅವರ ನಾಲಿಗೆ ಬಯಸುವ ರುಚಿ ಬೇರೆ. ಬಂದು, ಚಿತ್ರ ನೋಡಿ, ಹೋಗುತ್ತಾರೆ. ಅದೇ 'ಎಣ್ಣೆ ಇಲ್ಲದ ಉಪ್ಪಿನಕಾಯಿ' ಎಂದು ಹುಡುಕಿ ಬರುವವರು ಬೆರಳೆಣಿಕೆ, ಆದರೆ ಬಂದವರು ಕೊಳ್ಳದೆ ಹೋಗುವುದು ಅಪರೂಪ. ಮಲೆನಾಡಿನ ಮಿಡಿ ಉಪ್ಪಿನಕಾಯಿಗೆ ಎಣ್ಣೆ ಹಾಕುವ ಪದ್ಧತಿಯೇ ಇಲ್ಲ, ಉಪ್ಪು, ಸಾಸಿವೆ, ಮೆಣಸು ಅಷ್ಟೇ. ನಮಗೆ ಅದು ಎಷ್ಟು ಮಾಮೂಲು ಎಂದರೆ ಸೈಟಿನಲ್ಲಿ ಎಲ್ಲೂ ಹೇಳಿರಲೇ ಇಲ್ಲ. ಆ ಪದ ಕಂಡದ್ದು ಮೊದಲು ವಾಟ್ಸಾಪ್‌ನಲ್ಲಿ, ಗಿರಾಕಿಗಳ ಪ್ರಶ್ನೆಯಲ್ಲಿ. 'ಎಣ್ಣೆ ಇದೆಯಾ', 'ಬಿಪಿ ಇದೆ, ಉಪ್ಪು ಎಷ್ಟಿದೆ', 'ಒಂದು ಕೆಜಿಗೆ ಎಷ್ಟು ಮಿಡಿ ಬರುತ್ತೆ', 'ಅಮೆರಿಕಕ್ಕೆ ಒಯ್ಯಲು ಸೋರದ ಹಾಗೆ ಪ್ಯಾಕ್ ಮಾಡ್ತೀರಾ'. ಕೊನೆಯದನ್ನು ಸರ್ಚ್ ಕನ್ಸೋಲ್‌ನ ದೇಶಗಳ ಪಟ್ಟಿಯೂ ಅನುಮೋದಿಸಿತು: ಭಾರತದ ಕೆಳಗೆ ಅಮೆರಿಕ ಇತ್ತು. ನಾವು ಹೊರದೇಶಕ್ಕೆ ಕಳಿಸುವುದಿಲ್ಲ, ಆದರೆ ಮಗಳ ಮನೆಗೆ ಹೊರಟ ಅಪ್ಪ ಅಮ್ಮನಿಗೆ ಸೂಟ್‌ಕೇಸಿನಲ್ಲಿ ಇಡುವ ಪ್ಯಾಕಿಂಗ್ ಎಂದು ಒಂದು ಪುಟ ಈಗ ಇದೆ.

ಸರ್ಚ್ ಕನ್ಸೋಲ್ ಬಳಸುವ ಎಷ್ಟೋ ಜನರಿಗೆ ಗೊತ್ತಿಲ್ಲದ ಒಂದು ಸೌಲಭ್ಯ ಹೇಳುತ್ತೇನೆ. ಪದಗಳನ್ನು ಸೋಸುವ ಕಡೆ 'ರೆಜೆಕ್ಸ್' ಎಂಬ ಆಯ್ಕೆ ಇದೆ, 2021 ರಲ್ಲಿ ಬಂದದ್ದು. ಹೆಸರು ಕೇಳಿ ಹೆದರಬೇಡಿ. ಬೇಕಾದ ಕಾಗುಣಿತಗಳನ್ನೆಲ್ಲ ನಡುವೆ ಒಂದು ನೆಟ್ಟಗಿನ ಗೆರೆ (|) ಹಾಕಿ ಬರೆದರೆ ಸಾಕು, ಅಪ್ಪೆಮಿಡಿಯ ಎಲ್ಲ ವೇಷಗಳೂ ಒಟ್ಟಿಗೆ ಕಾಣುತ್ತವೆ. ಹಾಗೆಯೇ 'ಎಲ್ಲಿ', 'ಹೇಗೆ', 'ಬೆಲೆ' ಎಂದು ಕೊಟ್ಟರೆ ಪ್ರಶ್ನೆಗಳು ಮಾತ್ರ ಉಳಿಯುತ್ತವೆ.

ಕೊರತೆ ಇಲ್ಲವೆಂದಲ್ಲ. ತೀರಾ ಕಡಿಮೆ ಜನ ಬರೆದ ಪದಗಳನ್ನು ಬರೆದವರ ಗುರುತು ಸಿಗಬಾರದೆಂದು ಗೂಗಲ್ ಮುಚ್ಚಿಡುತ್ತದೆ, ಹಾಗಾಗಿ ಪಟ್ಟಿಯಲ್ಲಿರುವ ಕ್ಲಿಕ್ಕುಗಳನ್ನು ಕೂಡಿದರೆ ಮೇಲಿನ ಮೊತ್ತಕ್ಕೆ ತಾಳೆಯಾಗುವುದಿಲ್ಲ. ಪಟ್ಟಿಯೂ 1,000 ಸಾಲಿಗೆ ನಿಲ್ಲುತ್ತದೆ. ಸಣ್ಣ ಅಂಗಡಿಗೆ ಅಷ್ಟು ಸಾಕೋ ಸಾಕು. ನೀವು ಇನ್ನೂ ಯಾವ ಪದಕ್ಕೂ ಕಾಣಿಸಿಕೊಳ್ಳದಿದ್ದರೆ ಪಟ್ಟಿ ಖಾಲಿ ಇರುತ್ತದೆ, ಆಗ ಗೂಗಲ್‌ನ ಹುಡುಕುವ ಚೌಕದಲ್ಲೇ ಪದ ಬರೆದು ಒಂದು ಸ್ಪೇಸ್ ಬಿಟ್ಟು ಕೆಳಗೆ ತಾನಾಗಿ ಬರುವ ಸಲಹೆಗಳನ್ನು ನೋಡಿ ಬರೆದುಕೊಳ್ಳುವುದೇ ದಾರಿ. ಆದರೂ ಸರ್ಚ್ ಕನ್ಸೋಲ್‌ಗೆ ನಾಲ್ಕೂವರೆ ನಕ್ಷತ್ರಕ್ಕೆ ಕಡಿಮೆ ಕೊಡಲಾರೆ.

ದುಡ್ಡಿನ ಸಾಧನಗಳ ಬಗ್ಗೆ ಕೇಳುತ್ತೀರಿ. ಸೆಮ್‌ರಶ್, ಏಚ್‌ರೆಫ್ಸ್ ಎರಡೂ ಒಳ್ಳೆಯವೇ, ಹತ್ತಾರು ಸೈಟ್ ನೋಡಿಕೊಳ್ಳುವ ಏಜೆನ್ಸಿಗಳಿಗೆ. ಪೂರ್ಣ ಪ್ರಮಾಣದ ಪ್ಯಾಕ್‌ಗಳು ತಿಂಗಳಿಗೆ ನೂರು ಡಾಲರಿನ ಮೇಲೆ. ಅವು ಕೊಡುವ ಹುಡುಕಾಟದ ಸಂಖ್ಯೆಯೂ ಅಂದಾಜೇ, ನಮ್ಮ ಜೀರಿಗೆ ಮಿಡಿಯಂಥ ಪದಕ್ಕೆ ಆ ಅಂದಾಜು ಸೊನ್ನೆ. ಸೊನ್ನೆ ಎಂದು ತೋರಿಸುವ ಪದದಿಂದ ಆರ್ಡರ್ ಬರುವುದನ್ನು ಕಂಡವಳಿಗೆ ಆ ದುಡ್ಡು ಕೊಡಲು ಕೈ ಬರುವುದಿಲ್ಲ.

ಪದ ಸಿಕ್ಕಿದ ಮೇಲೆ ಎಲ್ಲಿಡಬೇಕು ಎಂಬುದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಪುಟದ ಟೈಟಲ್, ದೊಡ್ಡ ತಲೆಬರಹ, ಮೊದಲ ಪ್ಯಾರಾ, ಚಿತ್ರದ ವಿವರಣೆ, ಅಷ್ಟೇ. ಆ ಎಕ್ಸೆಲ್ ಕಂಪನಿಯ ದರಪಟ್ಟಿಯಲ್ಲಿ 'ಮೆಟಾ ಕೀವರ್ಡ್ಸ್ ಅಳವಡಿಕೆ' ಎಂದು ಪ್ರತಿ ಪುಟಕ್ಕೂ ಪ್ರತ್ಯೇಕ ಚಾರ್ಜು ಇತ್ತು. ಪುಟದ ಕೋಡಿನಲ್ಲಿ ಓದುವವರಿಗೆ ಕಾಣದ ಹಾಗೆ ಬರೆಯುವ ಪದಗಳ ಪಟ್ಟಿ ಅದು. ಆ ಟ್ಯಾಗನ್ನು ವೆಬ್ ಹುಡುಕಾಟದ ಸ್ಥಾನ ನಿರ್ಧರಿಸಲು ತಾನು ಬಳಸುವುದೇ ಇಲ್ಲ ಎಂದು ಗೂಗಲ್ 2009 ರಲ್ಲೇ ಬಹಿರಂಗವಾಗಿ ಹೇಳಿದೆ. ಇನ್ನೂ ಅದಕ್ಕೆ ಬಿಲ್ ಹಾಕುವವರಿದ್ದಾರೆ ಎಂದರೆ ಅವರ ಧೈರ್ಯ ಮೆಚ್ಚಬೇಕು.

ಈಗಿನ ನನ್ನ ತಲೆನೋವು ಬೇರೆಯದು. ಅಪ್ಪೆಹುಳಿ ಮಾಡುವ ವಿಧಾನ ಎಂದು ಬರೆದ ಪುಟ ಸರ್ಚ್ ಕನ್ಸೋಲ್‌ನಲ್ಲಿ ಮೊದಲಿಗಿಂತ ಹೆಚ್ಚು ಕಾಣಿಸುತ್ತಿದೆ, ಆದರೆ ಒತ್ತುವವರು ಕಡಿಮೆಯಾಗುತ್ತಿದ್ದಾರೆ. 'ಹೇಗೆ' ಎಂದು ಕೇಳುವ ಹುಡುಕಾಟಗಳಿಗೆ ಈಗ ಗೂಗಲ್ಲಿನ ಎಐ ಪುಟದ ತಲೆಯ ಮೇಲೇ ಉತ್ತರ ಬರೆದು ಕೊಡುತ್ತದೆ, ಕೆಳಗಿನ ಸೈಟಿಗೆ ಯಾಕೆ ಬರಬೇಕು? ಅಲ್ಲಿ ಕಾಣಿಸಿದ್ದು ಎಷ್ಟು, ಮಾಮೂಲಿ ಸಾಲಿನಲ್ಲಿ ಕಾಣಿಸಿದ್ದು ಎಷ್ಟು ಎಂದು ಈ ಪಟ್ಟಿ ಬಿಡಿಸಿ ತೋರಿಸುವುದೂ ಇಲ್ಲ. ಬೆಲೆ, ತಳಿ, ಪ್ಯಾಕಿಂಗ್, ಬುಕಿಂಗ್ ಎಂಬ ಪದಗಳ ಪುಟಗಳಿಗೆ ಇನ್ನೂ ಆ ಬಿಸಿ ತಟ್ಟಿಲ್ಲ. ಹಾಗಾಗಿ ಮಾಳಂಜಿ ಮಿಡಿಯ ಪುಟ ಮೊದಲು ಮುಗಿಯಲಿ, ಅಪ್ಪೆಹುಳಿಯ ಎರಡನೇ ರೆಸಿಪಿ ಆಮೇಲೆ ಎಂದು ಅತ್ತೆಗೆ ಹೇಳಿದ್ದೇನೆ. ಅವರಿಗೆ ಸಮಾಧಾನವಿಲ್ಲ, ಇಂಗಿನ ಒಗ್ಗರಣೆಯ ಬಗ್ಗೆ ಬರೆಯುವುದು ಬಾಕಿ ಇದೆಯಂತೆ.